ಪದಚರ್ಚೆ: ‘ವಯಸ್ಸಿನ ಅಂತರ’ವೋ, ‘ಆಯಸ್ಸಿನ ಅಂತರ’ವೋ?

ಬಳಗದವರೆಲ್ಲರಿಗೂ ನಮಸ್ಕಾರ.

ಜಪಾನಿನ ಅನಿಮೆ (ಅನಿಮೇಷನ್) ಸರಣಿಯೊಂದನ್ನು ಕನ್ನಡ ಓದುಗರಿಗೆ ಪರಿಚಯಿಸುವ ಬರಹದಲ್ಲಿ ತೊಡಗಿದ್ದೇನೆ. ‘ವಯಸ್ಸಿನ ಅಂತರ’ ಎಂಬ ಮಾತು ಬರಬೇಕಾದ ಕಡೆ ಲೇಖನಿ ಮುಂದಕ್ಕೆ ಹೋಗುತ್ತಿಲ್ಲ. ಪದ ಬಲ್ಲವರ ಸಹಾಯ ಬೇಕಾಗಿದೆ.

ಸರಣಿಯ ಹೆಸರು ‘ಓಕಾಮಿ ತೋ ಕೋಶಿನ್‌ರ್ಯೋ’. ಜಪಾನಿನ ಹೊರಗೆ ‘ಸ್ಪೈಸ್ ಆಂಡ್ ವುಲ್ಫ್’ ಎಂದರೆ ಹೆಚ್ಚು ಜನರಿಗೆ ಗೊತ್ತಾಗುತ್ತದೆ. ಇಸುನಾ ಹಾಸೆಕುರಾ 2006ರಲ್ಲಿ ಆರಂಭಿಸಿದ ಕಾದಂಬರಿಮಾಲೆ ಇದರ ಮೂಲ. 2008ರಲ್ಲಿ ಅನಿಮೆಯಾಗಿ ಬಂತು, 2024ರಲ್ಲಿ ಮೊದಲಿನಿಂದ ಮತ್ತೊಮ್ಮೆ ತಯಾರಾಯಿತು. ನಡುಗಾಲದ ಯೂರೋಪನ್ನು ಹೋಲುವ ನಾಡಿನಲ್ಲಿ ಲಾರೆನ್ಸ್ ಎಂಬ 25ರ ವರ್ತಕ ಗಾಡಿ ಕಟ್ಟಿಕೊಂಡು ಊರೂರು ಸುತ್ತುತ್ತಾನೆ. ಅವನ ಗಾಡಿ ಏರುವವಳು ಹೋಲೋ. ಒಂದು ಹಳ್ಳಿಯ ಗೋಧಿ ಬೆಳೆಯನ್ನು ನೂರಾರು ವರ್ಷ ಕಾಯ್ದ ತೋಳ ಅವಳು. ಈಗ ಯುವತಿಯ ರೂಪದಲ್ಲಿದ್ದಾಳೆ, ತೋಳದ ಕಿವಿ ಮತ್ತು ಬಾಲ ಮಾತ್ರ ಉಳಿದುಕೊಂಡಿವೆ. ಬಡಗಣದ ತನ್ನ ತವರಿಗೆ ಹೋಗಬೇಕೆಂದು ಹೊರಟವಳಿಗೂ ಈ ವರ್ತಕನಿಗೂ ಪ್ರೀತಿ ಬೆಳೆಯುವುದೇ ಕಥೆ. ಜೊತೆಗೆ ನಾಣ್ಯಗಳ ಬೆಲೆಯ ಏರಿಳಿತ, ಸಾಲ, ದಲ್ಲಾಳಿತನಗಳ ಬಗೆಗೆ ಇದರಲ್ಲಿರುವಷ್ಟು ಮಾತು ಬೇರೆ ಪ್ರೇಮಕಥೆಗಳಲ್ಲಿ ಸಿಗುವುದು ಅಪರೂಪ.

ಈ ಜೋಡಿಯ ಮಾತು ಬಂದಾಗಲೆಲ್ಲ ವಯಸ್ಸಿನ ಅಂತರದ ಪ್ರಶ್ನೆ ಏಳುತ್ತದೆ. ಜಪಾನೀಯರು ಅದಕ್ಕೆ ‘ತೋಶಿ ನೋ ಸಾ’ ಎನ್ನುತ್ತಾರೆ; ನಮ್ಮ ‘ವಯಸ್ಸಿನ ಅಂತರ’ಕ್ಕೆ ಸರಿಸಮ. ಆದರೆ ಕನ್ನಡದಲ್ಲಿ ಹಾಗೆ ಬರೆದ ಕೂಡಲೇ ಅರ್ಥ ಜಾರುತ್ತದೆ. ಕನ್ನಡದ ‘ವಯಸ್ಸು’ ಬರಿಯ ವರ್ಷಗಳ ಲೆಕ್ಕವಲ್ಲ. ‘ವಯಸ್ಸೆಷ್ಟು?’ ಎಂದರೆ ಲೆಕ್ಕ, ‘ವಯಸ್ಸಿನ ಹುಡುಗ’ ಎಂದರೆ ಯೌವನ, ‘ವಯಸ್ಸಾಯಿತು’ ಎಂದರೆ ಮುಪ್ಪು. ಹೋಲೋ ಲೆಕ್ಕದಲ್ಲಿ ನೂರಾರು ದಾಟಿದವಳು, ಆದರೂ ಅವಳಿಗೆ ‘ವಯಸ್ಸಾಗಿದೆ’ ಎಂದು ಬರೆಯಲಾರೆ. ಅವಳ ವಯಸ್ಸು ಏರಿದೆ, ವಯಸ್ಸಾಗಿಲ್ಲ!

ಆದ್ದರಿಂದ ವರ್ಷಗಳ ಲೆಕ್ಕಕ್ಕೆ ‘ವಯಸ್ಸು’, ಮೈಯ ಸ್ಥಿತಿಗೆ ‘ಪ್ರಾಯ’ ಎಂದು ಬೇರೆ ಮಾಡಿ ‘ವಯಸ್ಸಿನಲ್ಲಿ ಹಿರಿಯಳು, ಪ್ರಾಯದಲ್ಲಿ ಓರಗೆಯವಳು’ ಎಂದು ಬರೆಯಲು ಯೋಚಿಸಿದೆ. ಒಳನಾಡಿನ ಕಿವಿಗೆ ಇದು ಹಿತವಾಗಿದೆ. ‘ಪ್ರಾಯದ ಹೆಣ್ಣು’ ಎಂದರೆ ಇಲ್ಲಿ ಹರೆಯದವಳೇ. ಆದರೆ ದಕ್ಷಿಣ ಕನ್ನಡದಲ್ಲಿ ‘ಪ್ರಾಯ ಎಷ್ಟು?’ ಎಂದು ಕೇಳುವುದೇ ವಾಡಿಕೆ, ‘ಅವರಿಗೆ ಪ್ರಾಯ ಆಯಿತು’ ಎಂದರೆ ಮುದುಕರಾದರು ಎಂದು. ಒಂದೇ ವಾಕ್ಯವನ್ನು ಮಂಗಳೂರಿನ ಓದುಗರು ಒಂದು ಬಗೆಯಾಗಿ, ಮೈಸೂರಿನ ಓದುಗರು ಇನ್ನೊಂದು ಬಗೆಯಾಗಿ ಓದಿಕೊಂಡರೆ ನಾನು ಮಾಡಿದ ವಿಂಗಡಣೆಯೇ ಹಾಳು. ‘ಹರೆಯ’ಕ್ಕೆ ಈ ಗೊಂದಲವಿಲ್ಲ; ಆದರೆ ಅದು ಯೌವನವೊಂದನ್ನೇ ಹೇಳುತ್ತದೆ, ಅಳತೆಗೆ ಒದಗುವುದಿಲ್ಲ.

ಇಷ್ಟೆಲ್ಲ ತೂಗಿ ನೋಡಿದ ಮೇಲೆ, ನಮ್ಮ ಹಳೆಯ ಕಥೆಗಳು ಇಂಥ ಜೋಡಿಯನ್ನು ಹೇಗೆ ಹೇಳಿವೆ ಎಂದು ನೋಡಿದೆ. ರೇವತಿ–ಬಲರಾಮರ ಕಥೆ ನೆನಪಾಯಿತು. ಮಗಳಿಗೆ ತಕ್ಕ ವರ ಯಾರೆಂದು ಕೇಳಲು ಕಕುದ್ಮಿ ರಾಜನು ಅವಳೊಡನೆ ಬ್ರಹ್ಮಲೋಕಕ್ಕೆ ಹೋಗುತ್ತಾನೆ. ಅಲ್ಲಿ ಗಂಧರ್ವಗಾನ ಮುಗಿಯುವವರೆಗೆ ಕಾಯುತ್ತಾನೆ. ಅಷ್ಟರಲ್ಲಿ ಭೂಮಿಯ ಮೇಲೆ 27 ಚತುರ್ಯುಗಗಳು ಕಳೆದುಹೋಗಿವೆ ಎನ್ನುತ್ತದೆ ಭಾಗವತ. ರೇವತಿ ಬಲರಾಮನಿಗಿಂತ ಎಷ್ಟು ದೊಡ್ಡವಳು ಎಂದು ಲೆಕ್ಕ ಹಾಕುವ ಗೋಜಿಗೆ ಪುರಾಣ ಹೋಗುವುದೇ ಇಲ್ಲ. ವಿಷ್ಣುಪುರಾಣಕ್ಕೆ ಕಾಣುವ ತೊಡಕು ಅವಳ ಎತ್ತರವೊಂದೇ. ಬಲರಾಮ ನೇಗಿಲ ತುದಿಯಿಂದ ಅವಳನ್ನು ತಗ್ಗಿಸಿದ ಮೇಲೆ ಇಬ್ಬರೂ ಈಡುಜೋಡು. ಕಳೆದುಹೋದ ಕಾಲ ಅಲ್ಲಿ ಅಡ್ಡಿಯೇ ಅಲ್ಲ.

ಇನ್ನೊಂದು, ಸಾವಿತ್ರಿಯ ಕಥೆ. ಸತ್ಯವಂತನಿಗೂ ಅವಳಿಗೂ ವಯಸ್ಸಿನಲ್ಲಿ ಯಾವ ಅಂತರದ ಮಾತೂ ಇಲ್ಲ. ಇನ್ನು ಒಂದೇ ವರ್ಷ ಬದುಕುವವನು ಎಂದು ನಾರದರು ತಿಳಿಸಿದ ಮೇಲೂ ಅವಳು ಅವನನ್ನೇ ವರಿಸುತ್ತಾಳೆ. ಅಲ್ಲಿನ ಅಂತರ ಆಯಸ್ಸಿನದು. ನನಗೆ ಬೇಕಾದ ಪದ ಇಲ್ಲಿಯೇ ಇದೆ ಎನ್ನಿಸಿತು.

ಹೋಲೋಳನ್ನು ಕಾಡುವುದೂ ಅದೇ ತಾನೆ. ಲಾರೆನ್ಸ್ ಹುಟ್ಟುವ ಮೊದಲು ತಾನು ಕಳೆದ ಶತಮಾನಗಳನ್ನು ಅವಳು ಅವನನ್ನು ಕೆಣಕಲು ಬಳಸುತ್ತಾಳೆ. ಅವು ಅವರಿಬ್ಬರ ನಡುವೆ ಗೋಡೆಯಾಗುವುದಿಲ್ಲ. ಅವನು ಹೋದ ಮೇಲೆ ತಾನು ಉಳಿಯುವ ಕಾಲವೇ ಅವಳ ಅಳಲು. ಮದುವೆಯಾಗಿ ಹತ್ತಕ್ಕೂ ಹೆಚ್ಚು ವರ್ಷಗಳಾದ ನಂತರದ ಕಥೆಗಳಲ್ಲಿ ಇಬ್ಬರೂ ಬಿಸಿನೀರಿನ ಬುಗ್ಗೆಗಳ ಊರೊಂದರಲ್ಲಿ ಸ್ನಾನಗೃಹ ನಡೆಸುತ್ತಿರುತ್ತಾರೆ. ಅವನು ಹಣ್ಣಾಗುತ್ತಾನೆ, ಅವಳು ಇದ್ದ ಹಾಗೆಯೇ ಇದ್ದಾಳೆ. ಮುಂದೆ ಒಬ್ಬಳೇ ಆದಾಗ ಓದಿಕೊಳ್ಳಲೆಂದು ದಿನದಿನದ ಸಂಗತಿಗಳನ್ನು ಬರೆದಿಡತೊಡಗುತ್ತಾಳೆ. ಇದನ್ನು ‘ವಯಸ್ಸಿನ ಅಂತರ’ ಎಂದು ಕರೆದರೆ ಹಿಂದಕ್ಕೆ ಎಣಿಸಿದಂತಾಯಿತು. ಕಥೆ ಎಣಿಸುವುದು ಮುಂದಕ್ಕೆ. ಕನ್ನಡ ಈ ಎರಡಕ್ಕೂ ಎರಡು ಪದ ಇಟ್ಟುಕೊಂಡಿದೆ. ‘ಅಲ್ಪಾಯು’, ‘ಆಯಸ್ಸು ಗಟ್ಟಿ’ ಎಂಬಲ್ಲಿ ವಯಸ್ಸನ್ನು ಹಾಕಿ ನೋಡಿ, ಮಾತೇ ಮುರಿಯುತ್ತದೆ. ಹಾಗಾಗಿ ‘ಆಯಸ್ಸಿನ ಅಂತರ’ ಎಂದೇ ಬರೆಯಬೇಕೆಂಬ ಕಡೆಗೆ ನನ್ನ ಮನಸ್ಸು ವಾಲಿದೆ.

ಸರ್ವನಾಮದ ಪ್ರಶ್ನೆಯೂ ಇದೆ. ಮೂಲದಲ್ಲಿ ಹೋಲೋ ತನ್ನನ್ನು ‘ವಚ್ಚಿ’ ಎಂದೂ ಅವನನ್ನು ‘ನುಶಿ’ ಎಂದೂ ಕರೆಯುತ್ತಾಳೆ. ವಾಕ್ಯದ ಕೊನೆಗೆ ಮುದುಕರ ಮಾತಿನ ‘ಜ’, ಕೆಲವೊಮ್ಮೆ ಜಪಾನಿನ ಎದೋ ಕಾಲದ (17–19ನೆಯ ಶತಮಾನ) ಗಣಿಕೆಯರ ‘ಅರಿನ್ಸು’. ಮುಖ ಹೇಳದ ವಯಸ್ಸನ್ನು ನುಡಿ ಹೇಳುತ್ತದೆ. ಜಪಾನಿನ ಭಾಷಾವಿದ್ವಾಂಸ ಸತೋಶಿ ಕಿನ್ಸುಯಿ ಇಂಥ ನುಡಿಗೆ ‘ಯಾಕುವಾರಿಗೊ’, ಅಂದರೆ ಪಾತ್ರದ ನುಡಿ, ಎಂಬ ಹೆಸರು ಕೊಟ್ಟಿದ್ದಾರೆ. ಕನ್ನಡದಲ್ಲಿ ಅವಳಿಗೆ ಅಜ್ಜಿಯ ನುಡಿ ಕೊಡಬಹುದು. ಆದರೆ ಅವನು ಅವಳನ್ನು ‘ನೀವು’ ಎನ್ನಬೇಕೇ? ಬೇಡವೆಂದು ನನ್ನ ಖಚಿತ ಅಭಿಪ್ರಾಯ. ವಚನಗಳಿಂದ ದಾಸರ ಪದಗಳವರೆಗೆ ದೇವರನ್ನು ‘ನೀನು’ ಎಂದೇ ಕರೆದ ಭಾಷೆ ನಮ್ಮದು. ಮೇಲಾಗಿ ಹೋಲೋ ತಾನು ದೇವರಲ್ಲ, ಬರಿಯ ಹೋಲೋ ಎಂದು ಮೊದಲ ಭೇಟಿಯಲ್ಲೇ ಹೇಳಿಬಿಡುತ್ತಾಳೆ. ಎರಡೂ ಕಡೆಯಿಂದ ಏಕವಚನವೇ ಇರಲಿ.

ಈಗ ನನ್ನ ಪ್ರಶ್ನೆಗಳು. ಕರಾವಳಿಯವರು ದಯವಿಟ್ಟು ತಿಳಿಸಿ: ‘ಪ್ರಾಯದಲ್ಲಿ ಓರಗೆಯವಳು’ ಎಂದು ಓದಿದರೆ ನಿಮಗೆ ಹುಟ್ಟಿದ ವರ್ಷ ಒಂದೇ ಎಂದು ತೋರುತ್ತದೆಯೇ, ಅಥವಾ ಇಬ್ಬರೂ ಹರೆಯದವರು ಎಂದೇ? ಉತ್ತರ ಕರ್ನಾಟಕದವರಲ್ಲಿ ‘ಓರಗೆ’ಗೆ ‘ವಾರಿಗೆ’ ಎಂಬ ರೂಪ ಕೇಳಿದ್ದೇನೆ. ಹುಟ್ಟಿದ ವರ್ಷ ಬೇರೆಯಾದರೂ ನಡೆನುಡಿಯಲ್ಲಿ ಸರೀಕರಾದವರಿಗೆ ಅದು ಸಲ್ಲುತ್ತದೆಯೇ? ‘ಆಯಸ್ಸಿನ ಅಂತರ’ ಎಂಬುದನ್ನು ಹಿಂದೆ ಯಾರಾದರೂ ಗಂಡಹೆಂಡಿರ ಬಗ್ಗೆ ಬಳಸಿದ್ದನ್ನು ನೀವು ಓದಿದ್ದರೆ ಆ ವಾಕ್ಯವನ್ನೂ ಕಳುಹಿಸಿ.