ಗೇಟಿನ ಕಕ್ಕೆ ಮರ ಬಿತ್ತು, ಇನ್ನೂ ಎಷ್ಟು ಬೀಳಬೇಕು?

ಮನೆ 22: ಇವತ್ತು ರಾತ್ರಿ ಮತ್ತೊಂದು ಉರುಳಿತು, ಸೀದಾ ನಮ್ಮ ಬಾಗಿಲಿಗೆ. ಕಣ್ಣಿಗೆ ನಿದ್ದೆ ಇಲ್ಲ. ಗಾಳಿಯನ್ನು ಬೈಯಬೇಡಿ, ಬಂದು ಬೇರು ನೋಡಿ. ಗೇಣಿಗಿಂತ ಕೆಳಗೆ ಒಂದೂ ಇಳಿದಿಲ್ಲ! ದಿನಾ ಹತ್ತು ನಿಮಿಷ ಬುಡ ಒದ್ದೆ ಮಾಡಿದರೆ ಬೇರು ಕೆಳಗೆ ಯಾಕೆ ಹೋಗುತ್ತೆ? ಹೋದ ಬೇಸಿಗೆಯಲ್ಲೇ ಹೇಳಿದ್ದೆ.

ಮನೆ 7: ನೀರಲ್ಲ, ಗೊಬ್ಬರ ಇಲ್ಲದ್ದೇ ಮೂಲ. ಮರುಭೂಮಿಯ ಮರಳಲ್ಲಿ ಸಾರ ಎಲ್ಲಿದೆ? ಹಳೇ ಸಮಿತಿ ಯೂರಿಯಾ ಹಾಕಿಸುತ್ತಿತ್ತು, ಮರ ಹಸಿರಾಗಿತ್ತು.

ಮನೆ 31: ಹಸಿರಾಗಿತ್ತು, ಹೂವು ಬಿಟ್ಟಿತ್ತಾ? ಸಾರಜನಕ ಅತಿಯಾದರೆ ಎಲೆಯೇ ಸೊಂಪು. ಈ ಮಣ್ಣಿಗೆ ಅದು ಬೇಕು, ನಿಜ. ಆದರೆ ವಸಂತದಲ್ಲಿ, ಸ್ವಲ್ಪ, ಹಸಿ ಮಣ್ಣಿಗೆ, ಬುಡ ಬಿಟ್ಟು ಕೊಂಬೆಯಂಚಿನ ಕೆಳಗೆ ಹರಡಿ ಮತ್ತೆ ನೀರು ಬಿಡಬೇಕು. ರಾಸಾಯನಿಕ ಗೊಬ್ಬರವೂ ಉಪ್ಪೇ. ಈ ಬಿಸಿಲಲ್ಲಿ ಒಣ ಮಣ್ಣಿಗೆ ಸುರಿದರೆ ಬೇರು ಸುಡುತ್ತೆ.

ಮನೆ 7: ಹಾಗಾದ್ರೆ ಎಲೆ ಹಳದಿ ಯಾಕೆ?

ಮನೆ 7: ಹೇಳಿ

ಮನೆ 7: ಉತ್ತರ ಇಲ್ಲ ನೋಡಿ

ಮನೆ 31: ಹಳದಿ ಆಗಿರೋದು ಹೊಸ ಚಿಗುರು, ನರ ಇನ್ನೂ ಹಸಿರು. ಅದು ಕಬ್ಬಿಣದ ಕೊರತೆ. ಸಾರಜನಕ ಕಮ್ಮಿಯಾದರೆ ಮೊದಲು ಹಳೇ ಎಲೆ ಹಳದಿಯಾಗುತ್ತೆ. ನಮ್ಮ ಮಣ್ಣಿನ ಪಿಎಚ್ 8ರ ಮೇಲೆ, ಅಂದರೆ ಕ್ಷಾರ ಜಾಸ್ತಿ, ಕಬ್ಬಿಣ ಇದ್ದರೂ ಬೇರಿಗೆ ಸಿಗಲ್ಲ. ಇಡಿಡಿಎಚ್‌ಎ ರೂಪದ ಕಬ್ಬಿಣವೇ ತರಬೇಕು (ಕಬ್ಬಿಣವನ್ನು ಬೇರಿಗೆ ಸಿಗೋ ಹಾಗೆ ಹಿಡಿದಿಡೋ ವಸ್ತು ಅದು), ಅದೇ ಥರದ ಇಡಿಟಿಎ ಇಷ್ಟು ಕ್ಷಾರದಲ್ಲಿ ನಿಲ್ಲಲ್ಲ.

ಮನೆ 15: [ಫಾರ್ವರ್ಡ್] ಮರದ ಬುಡಕ್ಕೆ ಎಪ್ಸಮ್ ಉಪ್ಪು ಹಾಕಿ, ವಾರದಲ್ಲಿ ಹೂವೇ ಹೂವು!! ಹತ್ತು ಜನಕ್ಕೆ ಕಳಿಸಿ 🌸🌸

ಮನೆ 22: ದಯವಿಟ್ಟು ಅಳಿಸಿ. ಈಗಲೇ ಬುಡದಲ್ಲಿ ಬಿಳಿ ಉಪ್ಪು ಕೂತಿದೆ, ಎಲೆ ತುದಿ ಕರಕಲಾಗಿದೆ.

ಮನೆ 3: ಬಿದ್ದ ಜಾಗದಲ್ಲಿ ಬೈಕ್ ನಿಲ್ಲಿಸಬಹುದಾ? 😄

ಮನೆ 9: ತೋಟದವರನ್ನು ಕೇಳೋರಿಲ್ಲ, ಅದಕ್ಕೇ ಹೀಗೆ.

ಮನೆ 18: ಅವರನ್ನು ಅನ್ನಬೇಡಿ. ನೀರು ಬಿಡೋ ಟೈಮರ್ ಇಟ್ಟಿದ್ದು ಸಮಿತಿ.

ಮನೆ 7: ಯಾವ ಸಮಿತಿ? ಬಿಡಿಸಿ ಹೇಳಿ. ನಮ್ಮ ಕಾಲದಲ್ಲಿ ಟೈಮರೇ ಇರಲಿಲ್ಲ.

ಮನೆ 22: ಆ ಜಗಳ ಬಿಡಿ, ಉಳಿದ ಮರ ಉಳಿಸೋಣ. ಪಾತಿ ಕೊಂಬೆ ಹರಡಿದಷ್ಟು ಅಗಲ ಆಗಬೇಕು. ಹನಿ ನೀರು ಗಂಟೆಗಟ್ಟಲೆ, ನಿಧಾನಕ್ಕೆ. ಮರುದಿನ ಸರಳು ಚುಚ್ಚಿ ನೋಡೋದು: 60ರಿಂದ 90 ಸೆಂ.ಮೀ. ಸಲೀಸಾಗಿ ಇಳಿದರೆ ನೀರು ಸಾಕು. ನಡುವೆ ಠಣ್ ಅಂದರೆ ಸುಣ್ಣದ ಗಟ್ಟಿ ಪದರ, ಅದಕ್ಕೆ ತೂತು ಕೊರೆಯದೆ ನೀರು ಇಳಿಯಲ್ಲ. ಆಮೇಲೆ ಮೇಲ್ಮಣ್ಣು ಒಣಗೋವರೆಗೆ ಮುಟ್ಟಬಾರದು. ಆಳಕ್ಕೆ ಹೋದ ನೀರು ಉಪ್ಪನ್ನೂ ಬೇರಿನಿಂದ ಕೆಳಗೆ ತಳ್ಳುತ್ತೆ. ಶನಿವಾರ ಬೆಳಿಗ್ಗೆ 6ಕ್ಕೆ ಹಾರೆ ಹಿಡಿದು ಯಾರು ಬರ್ತೀರಿ?

ಮನೆ 31: ನಾನಿದ್ದೀನಿ. ಒಣ ಎಲೆ ಎಸೆಯಬೇಡಿ, ಕಾಂಡಕ್ಕೆ ತಾಗದ ಹಾಗೆ ಪಾತಿಗೆ ಹೊದಿಸೋಣ.

ಮನೆ 12: ಗಂಟೆಗಟ್ಟಲೆ ಅಂದ್ರೆ ಪಂಪ್ ಯಾವಾಗ ಓಡುತ್ತೆ?

ಮನೆ 31: ನಸುಕಿನಲ್ಲಿ. ಆವಿಯಾಗೋದು ಕಮ್ಮಿ.

ಮನೆ 12: ಸಾಧ್ಯವೇ ಇಲ್ಲ! ಪಂಪ್ ಕೋಣೆ ನಮ್ಮ ಮಲಗುವ ಕೋಣೆಯ ಗೋಡೆಗೇ ಇದೆ. ಮಗು ಬೆಚ್ಚಿ ಏಳುತ್ತೆ. ಮೊದಲು ಆ ಸದ್ದು ನಿಲ್ಲಿಸಿ.

ಮನೆ 7: ಪಂಪ್ ವಿಷಯ ನಾನು ಎಂದೋ ಎತ್ತಿದ್ದೆ. ತಳಕ್ಕೆ ರಬ್ಬರ್ ಹಾಕಿಸಿಲ್ಲ. ಶನಿವಾರ ಎಲ್ಲರೂ ಪಂಪ್ ಕೋಣೆ ಹತ್ರ ಬನ್ನಿ.

ಮನೆ 9: 👍

ಮನೆ 15: 👍👍

ಮನೆ 22: ಮತ್ತೆ ಮರ?

ಮನೆ 7: ಪಂಪ್ ಆಗಲಿ, ನೋಡೋಣ.

ಮನೆ 18: ರಬ್ಬರ್‌ನಿಂದ ಏನೂ ಆಗಲ್ಲ, ಬೇರಿಂಗ್ ಸವೆದಿದೆ. ಮೆಕ್ಯಾನಿಕ್ ಯಾರಾದ್ರೂ ಗೊತ್ತಾ?