ಚಳಿಗಾಲದಲ್ಲಿ ಅಪ್ಪನನ್ನು ಕುರ್ಚಿಯಿಂದ ಎಬ್ಬಿಸುವುದು ಹೇಗೆ? ಲೀಡ್ಸ್ ಹತ್ತಿರ ನಡೆಯುವ ಜಾಗ ಹೇಳಿ

ಕೇಳಿದವರು: ಕೊಡೆ ಮರೆತವಳು

ಎಲ್ಲರಿಗೂ ನಮಸ್ಕಾರ. ನಾನು ಇಂಗ್ಲೆಂಡಿನ ಲೀಡ್ಸ್‌ನಲ್ಲಿದ್ದೇನೆ. ನವೆಂಬರ್ ಕೊನೆಯಲ್ಲಿ ಅಪ್ಪ ತೀರ್ಥಹಳ್ಳಿಯಿಂದ ಬಂದಿದ್ದಾರೆ. ಅಮ್ಮ ಹೋದ ಮೇಲೆ ಇದು ಅವರ ಮೊದಲ ಪ್ರಯಾಣ. ಊರಿನಲ್ಲಿ ಒಬ್ಬರೇ ಇರುವುದು ಬೇಡವೆಂದು ಹಟ ಹಿಡಿದು ಕರೆಸಿಕೊಂಡವಳು ನಾನೇ. ಯಾವ ತಿಂಗಳಲ್ಲಿ ಕರೆಸಬೇಕು ಎಂಬ ಬುದ್ಧಿ ಮಾತ್ರ ಹೊಳೆಯಲಿಲ್ಲ.

ಮೊದಲ ವಾರ ಬಾಯ್ಲರ್‌ನಿಂದ ಹಿಡಿದು ಬಸ್ಸಿನ ಬಣ್ಣದವರೆಗೆ ಎಲ್ಲವನ್ನೂ ವಿಚಾರಿಸಿದರು. ಈಗ ಕಿಟಕಿಯ ಪಕ್ಕ ಶಾಲು ಹೊದ್ದು ಕುಳಿತು ಎದುರುಮನೆಯ ಕಸದ ಡಬ್ಬಿಗಳನ್ನು ನೋಡುತ್ತಾರೆ. ಮಧ್ಯಾಹ್ನ ಮೂರೂ ಮುಕ್ಕಾಲಿಗೆ ಹೊತ್ತು ಮುಳುಗಿದಾಗ ಗಡಿಯಾರ ನೋಡಿ "ಇವತ್ತಿನದು ಮುಗಿಯಿತು" ಎನ್ನುತ್ತಾರೆ. ಮೂವತ್ತು ವರ್ಷಕ್ಕೂ ಮೇಲೆ ಹೈಸ್ಕೂಲಿನಲ್ಲಿ ಕನ್ನಡ ಕಲಿಸಿದ ಮನುಷ್ಯ. ಇವರು ಹಳಗನ್ನಡ ಓದಿದರೆ ಪಕ್ಕದ ತರಗತಿಯಲ್ಲಿ ಗಣಿತ ನಿಲ್ಲುತ್ತಿತ್ತು. ಈಗ ದಿನಕ್ಕೆ ಇಪ್ಪತ್ತು ಮಾತು ಆಡಿದರೆ ಹೆಚ್ಚು. ಮೊನ್ನೆ ಸಾರಿಗೆ ಉಪ್ಪು ಹಾಕಲು ಮರೆತಿದ್ದೆ. ಸುಮ್ಮನೆ ಉಂಡು ಕೈ ತೊಳೆದರು. ನನಗೆ ಹೆದರಿಕೆಯಾದದ್ದು ಆಗ. ಊಟದಲ್ಲಿ ಅಪ್ಪ ಕೊಂಕು ತೆಗೆಯದ ದಿನವನ್ನು ನಾನು ಕಂಡೇ ಇರಲಿಲ್ಲ.

ಹತ್ತಿರದ ಪಾರ್ಕಿಗೆ ಎರಡು ಸಲ ಕರೆದೊಯ್ದೆ. "ಹುಲ್ಲು, ಬೋಳು ಮರ, ನಾಯಿ. ನೋಡಿದ್ದಾಯಿತು" ಎಂದು ತಿರುಗಿದರು. ಮಾಲ್‌ಗಳಿಗೆ ಬರುವುದಿಲ್ಲ. ಬಲ ಮೊಣಕಾಲು ನೋಯುತ್ತದೆ, ಗುಡ್ಡ ಹತ್ತಿಸುವಂತಿಲ್ಲ. ಕಾರಿನಲ್ಲಿ ಒಂದು ಗಂಟೆಯೊಳಗೆ, ಚಳಿಯಲ್ಲೂ ಒಂದಿಷ್ಟು ಹೊತ್ತು ಅವರ ಕಣ್ಣು ಹಿಡಿದು ನಿಲ್ಲಿಸುವ ಜಾಗ ಯಾವುದಾದರೂ ಇದ್ದರೆ ತಿಳಿಸಿ.


ಉತ್ತರ: ಬ್ರೆಟನ್ ಅಲೆಮಾರಿ

ತಂಗಿ, ಯಾರ್ಕ್‌ಶೈರ್ ಸ್ಕಲ್ಪ್ಚರ್ ಪಾರ್ಕಿಗೆ ಕರೆದುಕೊಂಡು ಹೋಗಿ. ನಾನು ವೇಕ್‌ಫೀಲ್ಡ್‌ನಲ್ಲಿ ಹನ್ನೆರಡು ವರ್ಷದಿಂದ ಇದ್ದೇನೆ, ಚಳಿಗಾಲದಲ್ಲಿ ತಿಂಗಳಿಗೆ ಎರಡು ಸಲವಾದರೂ ಅಲ್ಲಿರುತ್ತೇನೆ. ಎಂ1 ಹೆದ್ದಾರಿ ಹಿಡಿದು 38ನೇ ಜಂಕ್ಷನ್‌ನಲ್ಲಿ ಇಳಿದರೆ ಮೈಲಿ ದೂರದಲ್ಲೇ ಸಿಗುತ್ತದೆ. ಬ್ರೆಟನ್ ಹಾಲ್ ಎಂಬ ಜಮೀನ್ದಾರಿ ಬಂಗಲೆಯ ಸುತ್ತಲಿನ 500 ಎಕರೆ. ಎರಡು ಕೆರೆ, ಅವಕ್ಕೆ ನೀರುಣಿಸುವ ಡರ್ನ್ ಹೊಳೆ, ಹುಲ್ಲುಗಾವಲು, ಹಳೆಯ ಓಕ್ ಮರಗಳು. ಇವುಗಳ ನಡುವೆ 1977ರಿಂದ ಶಿಲ್ಪಗಳನ್ನು ತಂದು ಬಯಲಿನಲ್ಲೇ ನಿಲ್ಲಿಸುತ್ತಾ ಬಂದಿದ್ದಾರೆ. ಹೆನ್ರಿ ಮೂರ್‌ನ ಶಿಲ್ಪಗಳಿರುವ ಭಾಗಕ್ಕೆ ಬ್ರೆಟನ್ ಕಂಟ್ರಿ ಪಾರ್ಕ್ ಎಂದೇ ಹೆಸರು. ಕಂಟ್ರಿ ಪಾರ್ಕ್ ಎಂದರೆ ಕಾರಂಜಿ, ಸಿಮೆಂಟ್ ಬೆಂಚಿನ ಪಾರ್ಕಲ್ಲ. 1968ರ ಒಂದು ಕಾಯಿದೆಯ ಫಲವಾಗಿ, ಪಟ್ಟಣದವರು ಹಳ್ಳಿಗಾಡಿನಲ್ಲಿ ಅಡ್ಡಾಡಲೆಂದು ಇಲ್ಲಿ ಇಂಥ ಜಾಗಗಳು ಹುಟ್ಟಿಕೊಂಡವು.

ಮೂರ್ ಹುಟ್ಟಿದ್ದು ಇಲ್ಲೇ ಹತ್ತಿರದ ಕ್ಯಾಸಲ್‌ಫರ್ಡ್‌ನಲ್ಲಿ, 1898ರಲ್ಲಿ, ಗಣಿ ಕಾರ್ಮಿಕನ ಮನೆಯಲ್ಲಿ. ಅವನ ಕಂಚಿನ ಆಕೃತಿಗಳ ಸಂದಿಯಲ್ಲಿ ಕುರಿಗಳು ನುಸುಳುತ್ತವೆ, ಮೈ ಉಜ್ಜಿಕೊಳ್ಳುತ್ತವೆ, ಗಾಳಿ ಹೆಚ್ಚಾದರೆ ಮರೆಗೆ ಮಲಗುತ್ತವೆ. ಯಾರೂ ಓಡಿಸುವುದಿಲ್ಲ. ತನ್ನ ಶಿಲ್ಪದ ಪಕ್ಕ ದನಕ್ಕಿಂತ ಕುರಿಯೇ ಅಳತೆಗೆ ಸರಿ ಎಂದು ಅವನಿಗೂ ಅನಿಸಿತ್ತಂತೆ. ಚಳಿಗಾಲಕ್ಕೆ ಇನ್ನೊಂದು ಲಾಭ ಇದೆ. ಎಲೆ ಉದುರಿರುವುದರಿಂದ ದೂರದ ಶಿಲ್ಪವೂ ಮರಗಳ ನಡುವೆ ಕಾಣುತ್ತದೆ. ಸೂರ್ಯ ಎಷ್ಟು ಕೆಳಗಿರುತ್ತಾನೆ ಎಂದರೆ ನಡುಮಧ್ಯಾಹ್ನದಲ್ಲೂ ನೆರಳು ಮಾರುದ್ದ ಚಾಚಿರುತ್ತದೆ.

ವಿಚಿತ್ರಗಳಿಗೆ ಬರವಿಲ್ಲ. ಹೆಂಗಸಿನ ಮೈ, ಮೊಲದ ತಲೆಯ ಆಕೃತಿಯೊಂದು ಕುಳಿತಿದೆ. ಕಾರಿನ ಚಿನ್ನದ ಬಣ್ಣದ ಚಕ್ರಗಳನ್ನು ಬಳೆಯಂತೆ ಜೋಡಿಸಿ, ವಿಸ್ಕಿ ಲೋಟಗಳನ್ನು ವಜ್ರವಾಗಿಸಿದ ದೈತ್ಯ ಉಂಗುರ ನೋಡಿದ್ದೇನೆ. ಕೆರೆಯ ದಡದಲ್ಲಿ ಏಳು ಮೀಟರ್ ಮೀರಿದ ಹುಡುಗಿಯ ತಲೆ, ಕಣ್ಣು ಮುಚ್ಚಿಕೊಂಡು ನಿಂತಿದೆ. ಮುಂದಿನಿಂದ ದುಂಡಗೆ ಕಾಣುವ ಅದು ಪಕ್ಕಕ್ಕೆ ಬಂದೊಡನೆ ಅಪ್ಪಚ್ಚಿಯಾಗುತ್ತದೆ. ಮೊದಲ ಸಲ ನನಗೆ ಕನ್ನಡಕ ಬದಲಿಸಬೇಕೇನೋ ಅನಿಸಿತ್ತು. ಕೃತಿಗಳು ಆಗಾಗ ಬದಲಾಗುತ್ತವೆ, ಬಾಗಿಲಲ್ಲಿ ನಕ್ಷೆ ಕೇಳಿ ಪಡೆಯಿರಿ. ತೆರೆದಿರುವ ದಿನ, ಟಿಕೆಟ್ ಎರಡನ್ನೂ ಹಿಂದಿನ ರಾತ್ರಿಯೇ ನೋಡಿಕೊಳ್ಳಿ.

ಮೊಣಕಾಲಿಗೆ: ಪೂರ್ತಿ ಸುತ್ತುವ ಆಸೆ ಬೇಡ. ಮುಖ್ಯ ಕಟ್ಟಡದ ಹತ್ತಿರ ಕಾರು ನಿಲ್ಲಿಸಿ ಬಾರ್ಬರಾ ಹೆಪ್ವರ್ತ್ ಎಂಬ ಕಲಾವಿದೆಯ ಶಿಲ್ಪಗಳು, ಜಿಂಕೆಮನೆ, ಅಷ್ಟೇ ಮಾಡಿ. ಕುರಿಗಳ ಹೊಲ ಕೆಸರು, ಅಲ್ಲಿಗೆ ಗಮ್‌ಬೂಟು ಬೇಕೇ ಬೇಕು. ಒಂದು ಕಿವಿಮಾತು. "ಅಪ್ಪಾ, ಇದರ ಅರ್ಥ ಏನೆಂದರೆ" ಎಂದು ನೀವು ಶುರು ಮಾಡಬೇಡಿ. ಮೇಷ್ಟ್ರುಗಳಿಗೆ ಬೇರೆಯವರು ಅರ್ಥ ಹೇಳಿದರೆ ಆಗಿಬರುವುದಿಲ್ಲ.


ಉತ್ತರ: ರಾತ್ರಿ ಪಾಳಿ

ನಾನು ನರ್ಸ್. ಜಾಗದ ವಿಚಾರ ಮೇಲಿನವರು ಹೇಳಿದ್ದಾರೆ, ನಾನು ಹೊತ್ತಿನ ವಿಚಾರ ಹೇಳುತ್ತೇನೆ. ಬೆಳಿಗ್ಗೆ ಅಥವಾ ಹೆಚ್ಚೆಂದರೆ ನಡುಮಧ್ಯಾಹ್ನ ಹೊರಡಿಸಿ. ಬೆಳಕನ್ನು ಲಕ್ಸ್ ಎಂಬ ಮಾನದಲ್ಲಿ ಅಳೆಯುತ್ತಾರೆ, ನಿಮ್ಮ ಮನೆಯ ದೀಪದ ಬೆಳಕು ಕೆಲವು ನೂರು ಲಕ್ಸ್ ಇರಬಹುದು. ಮೋಡ ಕವಿದ ದಿನವೂ ಹೊರಗೆ ಅದರ ಹಲವು ಪಟ್ಟು ಇರುತ್ತದೆ. ಕಣ್ಣಿಗೆ ಎರಡೂ ಒಂದೇ ಮಬ್ಬು ಅನಿಸುತ್ತದೆ, ದೇಹದ ಗಡಿಯಾರಕ್ಕೆ ಮಾತ್ರ ವ್ಯತ್ಯಾಸ ಗೊತ್ತಾಗುತ್ತದೆ. ನಿಮ್ಮ ಊರಿನಲ್ಲಿ ವರ್ಷದ ಅತಿ ಚಿಕ್ಕ ಹಗಲೂ ಹನ್ನೊಂದು ಗಂಟೆ ದಾಟುತ್ತದೆ. ಇಲ್ಲಿ ಡಿಸೆಂಬರ್‌ನಲ್ಲಿ ಏಳೂವರೆ ಗಂಟೆ. ತಂದೆಯವರು ಒಂದೇ ವಿಮಾನ ಪ್ರಯಾಣದಲ್ಲಿ ದಿನಕ್ಕೆ ಸುಮಾರು ನಾಲ್ಕು ಗಂಟೆ ಹಗಲು ಕಳೆದುಕೊಂಡಿದ್ದಾರೆ. ಋತುವಿನೊಂದಿಗೆ ಬರುವ ಖಿನ್ನತೆಗೆ 1984ರಲ್ಲೇ ವೈದ್ಯರು ಹೆಸರು ಕೊಟ್ಟಿದ್ದಾರೆ. ಇದು ಸೋಮಾರಿತನವಲ್ಲ.

ವಿಟಮಿನ್ ಡಿ ಮಾತ್ರೆ ಕೊಡುತ್ತಿದ್ದೀರಾ? ಚಳಿಗಾಲದಲ್ಲಿ ಇಲ್ಲಿನ ಬಿಸಿಲಿನಿಂದ ಅದು ಹುಟ್ಟುವುದಿಲ್ಲ. ದಿನಕ್ಕೆ 10 ಮೈಕ್ರೋಗ್ರಾಂ ಎಂಬುದು ಇಲ್ಲಿ ಎಲ್ಲರಿಗೂ ಕೊಡುವ ಸಲಹೆ. ಬೇರೆ ಮಾತ್ರೆಗಳಿದ್ದರೆ ಔಷಧಿ ಅಂಗಡಿಯಲ್ಲಿ ಒಮ್ಮೆ ಕೇಳಿ.

ಇನ್ನೊಂದು ಮಾತು, ಬೇಸರಿಸಬೇಡಿ. ಅಮ್ಮ ಹೋಗಿದ್ದಾರೆ ಎಂದಿರಿ. ಕತ್ತಲೆಯ ಬೇಸರ ಯಾವುದು, ಅಗಲಿಕೆಯ ದುಃಖ ಯಾವುದು ಎಂದು ಮನೆಯವರಿಗೆ ಬೇರ್ಪಡಿಸಲು ಆಗುವುದಿಲ್ಲ. ಊಟ, ನಿದ್ದೆ ಎರಡೂ ಕೆಟ್ಟು ಕೆಲವು ವಾರ ಹಾಗೇ ಉಳಿದರೆ ವೈದ್ಯರಿಗೆ ತೋರಿಸಿ. ನಡಿಗೆ ಅದಕ್ಕೆ ಬದಲಿಯಲ್ಲ.


ಉತ್ತರ: ಬರ್ನ್‌ಲಿ ಬಾವ

ಮೂರ್, ಹೆಪ್ವರ್ತ್ ಎಲ್ಲ ಸರಿ. ಅಲ್ಲಿ ಜನ ಹೆಚ್ಚು ಅನಿಸಿದರೆ ನಮ್ಮ ಕಡೆಗೂ ಬನ್ನಿ. ಬರ್ನ್‌ಲಿಯ ಮೇಲಿನ ಗುಡ್ಡದಲ್ಲಿ ಉಕ್ಕಿನ ಕೊಳವೆಗಳನ್ನು ಗಾಳಿಗೆ ಬಾಗಿದ ಮರದಂತೆ ಜೋಡಿಸಿ 2006ರಲ್ಲಿ ನಿಲ್ಲಿಸಿದ್ದಾರೆ. ಗಾಳಿ ಬೀಸಿದರೆ ಹಾಡುತ್ತದೆ. ಹಾಡು ಎಂದರೆ ಶಂಖವನ್ನು ದೂರದಲ್ಲಿ ಯಾರೋ ಅರ್ಧಕ್ಕೆ ಊದಿ ಬಿಟ್ಟಂತೆ. ಗಾಳಿಯಿಲ್ಲದ ದಿನ ಮೂಕ, ಆದರೆ ಆ ಗುಡ್ಡದ ಮೇಲೆ ಗಾಳಿಯಿಲ್ಲದ ದಿನವನ್ನು ನಾನಂತೂ ಕಂಡಿಲ್ಲ. ಹತ್ತಿರದ ವೈಕಾಲರ್ ಕಂಟ್ರಿ ಪಾರ್ಕಿನಲ್ಲಿ ತೂತು ತೂತಿನ ದೊಡ್ಡ ಮೊಟ್ಟೆಯಂಥ ಗೂಡೊಂದಿದೆ, ಒಳಗೆ ನಿಂತು ಕಣಿವೆ ನೋಡಬಹುದು. ಮಂಕಿ ಕ್ಯಾಪ್ ಮರೆಯಬೇಡಿ. ಇಲ್ಲಿ ಯಾರೂ ನಗುವುದಿಲ್ಲ, ನಕ್ಕರೂ ಕಿವಿ ಮುಚ್ಚಿರುವುದರಿಂದ ಕೇಳಿಸುವುದಿಲ್ಲ.


ಮತ್ತೆ: ಕೊಡೆ ಮರೆತವಳು

ಎಲ್ಲರಿಗೂ ಕೃತಜ್ಞತೆ. ಮಾತ್ರೆ ಶುರು ಮಾಡಿದ್ದೇನೆ. ನಿನ್ನೆ ಹೋಗಿ ಬಂದೆವು. ಉದ್ದವಾಗಿಯೇ ಬರೆಯುತ್ತೇನೆ, ತಾಳ್ಮೆಯಿರಲಿ.

ಹೊರಡುವಾಗ "ಚಳಿಯಲ್ಲಿ ಬೊಂಬೆ ನೋಡುವ ಕರ್ಮ" ಎಂದರು. ಹನ್ನೊಂದಕ್ಕೆ ತಲುಪಿದಾಗ ಹುಲ್ಲಿನ ಮೇಲೆ ಇನ್ನೂ ಇಬ್ಬನಿ ಗಟ್ಟಿಯಾಗಿ ಬೆಳ್ಳಗಿತ್ತು, ಕಾಲಿಟ್ಟರೆ ಹಪ್ಪಳ ಮುರಿದ ಸದ್ದು. ಮೊದಲು ಸಿಕ್ಕಿದವಳು ಮೊಲಮುಖಿ. ಅಪ್ಪ ಎದುರು ನಿಂತರು, ಸುತ್ತು ಹಾಕಿದರು, ಅವಳ ಪಾದ ನೋಡಿದರು. ನಾನು ಕಿವಿಮಾತು ನೆನೆದು ತುಟಿ ಬಿಗಿಹಿಡಿದೆ. "ಆನೆಮುಖ ಆಯಿತು, ಸಿಂಹಮುಖ ಆಯಿತು, ಕುದುರೆಮುಖವೂ ಆಯಿತು. ಮೊಲ ಮಾತ್ರ ಏನು ಪಾಪ ಮಾಡಿತ್ತು? ಆದರೆ ಕೈ ಸರಿಯಾಗಿಲ್ಲ" ಎಂದರು. ಮೂರು ವಾರದಲ್ಲಿ ಅವರು ತಾವಾಗಿ ಆಡಿದ ಅತಿ ಉದ್ದದ ಮಾತು ಅದು.

ಜಿಂಕೆಮನೆಯ ಬಗ್ಗೆ ಅಲೆಮಾರಿಯವರು ಹೆಸರು ಮಾತ್ರ ಹೇಳಿ ಸುಮ್ಮನಾದದ್ದು ಏಕೆಂದು ಈಗ ತಿಳಿಯಿತು. ಹದಿನೆಂಟನೆಯ ಶತಮಾನದಲ್ಲಿ ಜಿಂಕೆಗಳಿಗೆಂದು ಕಟ್ಟಿದ ಕಲ್ಲಿನ ಕಮಾನುಗಳು. ಅದರ ಹಿಂದೆ ಜೇಮ್ಸ್ ಟರೆಲ್ ಎಂಬ ಅಮೆರಿಕನ್ ಕಲಾವಿದ 2006ರಲ್ಲಿ ಚೌಕದ ಕೋಣೆ ಮಾಡಿದ್ದಾನೆ. ಸುತ್ತಲೂ ಜಗಲಿಯಂಥ ಕಾಂಕ್ರೀಟ್ ಆಸನ, ಮೇಲೆ ಚಾವಣಿಯಲ್ಲಿ ಚೌಕದ ಬಾಯಿ, ಅದರಲ್ಲಿ ಆಕಾಶ. ಬೇರೆ ಏನೂ ಇಲ್ಲ. ಅಪ್ಪ ಒರಗಿ ಕುಳಿತು ಮೇಲೆ ನೋಡಿದವರು ಐದು ನಿಮಿಷ ಮಾತಾಡಲಿಲ್ಲ. ಆಮೇಲೆ ತೊಡೆ ತಟ್ಟಿ, "ಇದು ತೊಟ್ಟಿಮನೆಯಲ್ಲವೇ? ಅಜ್ಜಿಯ ಮನೆಯಲ್ಲಿ ಇದೇ ಚೌಕದಲ್ಲಿ ಹಪ್ಪಳ ಒಣಗಿಸುತ್ತಿದ್ದರು. ಇದನ್ನು ಮಾಡಲು ಅಮೆರಿಕದಿಂದ ಬರಬೇಕಿತ್ತೇ?" ಎಂದರು. ದನಿ ಗೋಡೆಗೆ ತಾಗಿ ಮರಳಿತು. ಆ ಮರುದನಿ ಅವರಿಗೆ ಹಿಡಿಸಿತು ಎಂದು ಕಾಣುತ್ತದೆ, ಮತ್ತೊಮ್ಮೆ ಅದನ್ನೇ ಹೇಳಿದರು. ಅಷ್ಟರಲ್ಲಿ ಮೇಲಿನಿಂದ ಒಂದು ಹನಿ ಬಿತ್ತು, ಸರಿಯಾಗಿ ಅವರ ಕನ್ನಡಕದ ಮೇಲೆ. "ಸೋರುವುದೂ ಹಾಗೆಯೇ" ಎಂದು ಒರೆಸಿಕೊಂಡರು. ಅಮ್ಮ ಮದುವೆಯಾಗಿ ಬಂದ ವರ್ಷ ಆ ತೊಟ್ಟಿಯ ಪಾಚಿಯ ಮೇಲೆ ಜಾರಿ ಬಿದ್ದ ಕಥೆ ಹೇಳಿದರು. ನನಗೆ ಗೊತ್ತಿಲ್ಲದ ಕಥೆ. ಬಿದ್ದವಳು ಕೊಡದ ನೀರು ಚೆಲ್ಲದಂತೆ ಬಿದ್ದಳಂತೆ.

ಹೆಪ್ವರ್ತ್ ಅವರ ಒಂಬತ್ತು ಕಂಚಿನ ಆಕೃತಿಗಳ ಹತ್ತಿರ ಅಪ್ಪನ ಕಾಲು ನಿಂತೇಬಿಟ್ಟಿತು. ವೇಕ್‌ಫೀಲ್ಡ್‌ನಲ್ಲೇ ಹುಟ್ಟಿದ ಆಕೆ 1970ರಲ್ಲಿ ಮಾಡಿದ್ದು, ಮನುಷ್ಯ ಕುಟುಂಬ ಎಂಬ ಅರ್ಥದ ಹೆಸರು. ಇಳಿಜಾರಿನಲ್ಲಿ ಒಂದರ ಮೇಲೊಂದು ಚಪ್ಪಡಿ ಪೇರಿಸಿದಂತೆ ನಿಂತಿವೆ, ಕೆಲವಕ್ಕೆ ನಡುವೆ ತೂತು. "ವೀರಗಲ್ಲು" ಎಂದರು ಅಪ್ಪ. ನಾಯಿ ಹಿಡಿದುಕೊಂಡು ಬಂದಿದ್ದ ವಯಸ್ಸಾದ ದಂಪತಿ ಅವರನ್ನು ನೋಡಿ ನಕ್ಕರು. ಅಷ್ಟು ಸಾಕಾಯಿತು. ಕೊಡೆಯನ್ನು ಬೆತ್ತದಂತೆ ಹಿಡಿದು, ಬಿಗಿಯಾದ ಹೈಸ್ಕೂಲು ಇಂಗ್ಲಿಷಿನಲ್ಲಿ ಪಾಠ ಶುರುವಾಯಿತು. ನಮ್ಮಲ್ಲಿ ಸತ್ತ ವೀರನಿಗೆ ಕಲ್ಲು ನಿಲ್ಲಿಸುತ್ತಾರೆ, ಅದನ್ನು ಕೆಳಗಿನಿಂದ ಮೇಲಕ್ಕೆ ಓದಬೇಕು, ಕೆಳಗೆ ಕಾಳಗ, ನಡುವೆ ಅಪ್ಸರೆಯರು ಅವನನ್ನು ಎತ್ತಿಕೊಂಡು ಹೋಗುವುದು, ಮೇಲೆ ದೇವರ ಸನ್ನಿಧಿ. ದಂಪತಿ ನಿಜಕ್ಕೂ ಕೇಳಿಸಿಕೊಂಡರು. ನಾಯಿ ಮಲಗಿತು. ಅವರ ಸ್ವರ ಕೆರೆಯವರೆಗೆ ಹೋಗುತ್ತಿತ್ತು, ನನಗೆ ನಾಚಿಕೆಯೂ ಆಯಿತು, ಅಳುವೂ ಬಂತು. ಕೊನೆಗೆ ಆ ಹೆಂಗಸು ನಮ್ಮ ಫ್ಲಾಸ್ಕಿನ ಕಾಫಿ ಕುಡಿದು, ತನ್ನ ಗಂಡನಿಗೂ ಕೆಳಗಿನಿಂದ ಮೇಲಕ್ಕೆ ನೋಡಲು ಹೇಳಿದರು.

ಕೆರೆಯ ದಡದ ತಲೆಯನ್ನು ದೂರದಿಂದ ನೋಡಿದ್ದಷ್ಟೇ. ಮೊಣಕಾಲು ಬೇಡವೆಂದಿತು. ಮೂರಕ್ಕೆ ಕಾರು ಹತ್ತಿದೆವು. ಹೆದ್ದಾರಿಯಲ್ಲಿ ಕತ್ತಲಾಯಿತು, ಗಡಿಯಾರ ನೋಡಲಿಲ್ಲ, ನಿದ್ದೆ ಹೋಗಿದ್ದರು. ಇವತ್ತು ಬೆಳಿಗ್ಗೆ ಮತ್ತೆ ಕಿಟಕಿಯ ಪಕ್ಕವೇ ಕುಳಿತಿದ್ದಾರೆ, ಶಾಲು ಹೊದ್ದೇ. ಒಂದು ದಿನಕ್ಕೆ ಎಲ್ಲ ಬದಲಾಯಿತು ಎಂದು ನಾನು ಹೇಳುತ್ತಿಲ್ಲ. ಆದರೆ ಮಡಿಲಲ್ಲಿ ನಕ್ಷೆಯಿತ್ತು, ಪೆನ್ಸಿಲ್‌ನಿಂದ ಗುರುತು ಹಾಕುತ್ತಿದ್ದರು.

ಅಲೆಮಾರಿಯವರೇ, ಅಪ್ಪ ನಿಮ್ಮನ್ನು ಒಂದು ಪ್ರಶ್ನೆ ಕೇಳಲು ಹೇಳಿದ್ದಾರೆ. ಆ ಒಂಬತ್ತರಲ್ಲಿ ವಧು, ವರ ಎಂಬ ಹೆಸರಿನ ಎರಡಿವೆಯಲ್ಲ, ವಧು ಯಾವುದು, ವರ ಯಾವುದು? ತಾವು ಗುರುತಿಸಿದ್ದೇ ಸರಿ, ನಕ್ಷೆಯನ್ನು ನಾನು ತಲೆಕೆಳಗಾಗಿ ಹಿಡಿದಿದ್ದೆ ಎಂಬುದು ಅವರ ವಾದ.


ಉತ್ತರ: ಬ್ರೆಟನ್ ಅಲೆಮಾರಿ

ಹನ್ನೆರಡು ವರ್ಷದಿಂದ ನಾನು ಪ್ರತಿ ಸಲ ಬೇರೆ ಬೇರೆ ಉತ್ತರ ಹೇಳಿಕೊಂಡು ಬಂದಿದ್ದೇನೆ, ಮೇಷ್ಟ್ರಿಗೆ ತಿಳಿಸಿ. ಮುಂದಿನ ಭಾನುವಾರ ಮಳೆಯಿಲ್ಲದಿದ್ದರೆ ಹನ್ನೊಂದಕ್ಕೆ ಆ ಒಂಬತ್ತರ ಹತ್ತಿರವೇ ಇರುತ್ತೇನೆ, ಕೆಂಪು ಟೊಪ್ಪಿ. ಕೆರೆಯ ದಡಕ್ಕೆ ನಿಧಾನವಾಗಿ ಹೋಗೋಣ, ನನ್ನದೂ ಎಡ ಮೊಣಕಾಲು ಅಷ್ಟಕ್ಕಷ್ಟೇ. ಕಾಫಿ ನೀವು ತನ್ನಿ, ಕೋಡುಬಳೆ ನಮ್ಮ ಮನೆಯದು.