ಹೋಂಸ್ಟೇ ಟಿವಿಗೆ ಹಳೇ ಲ್ಯಾಪ್‌ಟಾಪ್: ಪೂರ್ತಿ 4ಕೆ ಬೇಕಾ, 1080 ಸಾಕಾ?

ತೋಟದಮನೆ_ಮೂಡಿಗೆರೆ
ಎಲ್ಲರಿಗೂ ನಮಸ್ಕಾರ. ನಮ್ಮ ಹೋಂಸ್ಟೇ ಹಾಲ್‌ಗೆ 43 ಇಂಚಿನ 4ಕೆ ಟಿವಿ ತಂದಿದ್ದೇವೆ. ಬಂದವರಿಗೆ ಬೇಲೂರು, ಹಳೇಬೀಡಿನ ಫೋಟೋ ತೋರಿಸೋಕೆ, ರಾತ್ರಿ ಮ್ಯಾಚ್ ಹಾಕೋಕೆ ಅಂತ ಹಳೇ ಲ್ಯಾಪ್‌ಟಾಪನ್ನು ಎಚ್‌ಡಿಎಂಐ ಕೇಬಲ್‌ನಿಂದ ಸೇರಿಸಿದೆ. ಚಿತ್ರ ಬಂತು, ಆದರೆ ಮಂಕು. ಅಕ್ಷರದ ಅಂಚೆಲ್ಲ ಕಲಸಿಹೋಗಿದೆ. ಕೆಳಗಿನ ಟಾಸ್ಕ್‌ಬಾರ್ ಅರ್ಧ ಕಾಣುವುದೇ ಇಲ್ಲ. ಸೆಟ್ಟಿಂಗ್ಸ್‌ನಲ್ಲಿ 1366×768ಕ್ಕಿಂತ ಮೇಲೆ ಏನೂ ಸಿಗುತ್ತಿಲ್ಲ, ಟಿವಿ ಡಬ್ಬದ ಮೇಲೆ ನೋಡಿದರೆ 3840×2160 ಅಂತ ದೊಡ್ಡದಾಗಿ ಬರೆದಿದೆ. ಅಂಗಡಿಯಲ್ಲಿ ಕೇಳಿದರೆ ಚಿನ್ನದ ಲೇಪದ ಕೇಬಲ್ ತಗೊಳ್ಳಿ, ಸರಿಹೋಗುತ್ತೆ ಅಂದರು. ನಿಜವಾ?

ಬಿಎಂರೋಡ್_ರಿಪೇರಿ (ಹಾಸನ)
ಸರ್, ಕೇಬಲ್ ವಿಚಾರ ಸದ್ಯಕ್ಕೆ ಬಿಡಿ. ಎಚ್‌ಡಿಎಂಐನಲ್ಲಿ ಹೋಗೋದು ಡಿಜಿಟಲ್ ಸಿಗ್ನಲ್. ಕೇಬಲ್ ಕೆಟ್ಟಿದ್ದರೆ ಚಿತ್ರದ ಮೇಲೆ ಬಿಳಿ ಚುಕ್ಕಿ ಮಿನುಗುತ್ತೆ, ಆಗಾಗ ಪರದೆ ಕಪ್ಪಾಗುತ್ತೆ, ಇಲ್ಲಾ ಚಿತ್ರವೇ ಬರಲ್ಲ. ಮಂಕಾಗಲ್ಲ. ಚಿನ್ನದ ಲೇಪ ಇರೋದು ತುದಿಗೆ ತುಕ್ಕು ಹಿಡಿಯದಿರಲಿ ಅಂತ. ನಿಮ್ಮ ಕಡೆ ಮಳೆಗಾಲಕ್ಕೆ ಅದು ಒಳ್ಳೆಯದೇ, ಆದರೆ ಅದರಿಂದ ಅಕ್ಷರ ಚೂಪಾಗಲ್ಲ.

ನಿಮ್ಮಲ್ಲಿ ಎರಡು ತೊಂದರೆ ಒಟ್ಟಿಗೆ ಸೇರಿಕೊಂಡಿವೆ. ಲ್ಯಾಪ್‌ಟಾಪ್‌ನ ಸ್ವಂತ ಪರದೆ 1366×768 ಇರಬೇಕು, ಮತ್ತು ನೀವು ‘ಡುಪ್ಲಿಕೇಟ್’ನಲ್ಲಿ ಇಟ್ಟಿರಬೇಕು. ಆಗ ಎರಡೂ ಪರದೆಗೆ ಒಂದೇ ಅಳತೆಯ ಚಿತ್ರ ಹೋಗುತ್ತೆ, ಚಿಕ್ಕದರ ಲೆಕ್ಕಕ್ಕೆ ದೊಡ್ಡದೂ ಇಳಿಯುತ್ತೆ. ವಿಂಡೋಸ್ ಕೀ ಜೊತೆ ಪಿ ಒತ್ತಿ ‘ಸೆಕೆಂಡ್ ಸ್ಕ್ರೀನ್ ಓನ್ಲಿ’ ಆರಿಸಿ. ಲ್ಯಾಪ್‌ಟಾಪ್ ಪರದೆಯೂ ಬೇಕು ಅಂದರೆ ‘ಎಕ್ಸ್‌ಟೆಂಡ್’. ಆಮೇಲೆ ಡಿಸ್‌ಪ್ಲೇ ಸೆಟ್ಟಿಂಗ್ಸ್‌ನಲ್ಲಿ ಟಿವಿಯನ್ನು ಆರಿಸಿ ರೆಸಲ್ಯೂಷನ್ (ಅಡ್ಡಕ್ಕೆ ಎಷ್ಟು, ಮೇಲಿಂದ ಕೆಳಕ್ಕೆ ಎಷ್ಟು ಪಿಕ್ಸೆಲ್, ಅಂದರೆ ಚುಕ್ಕಿ, ಅನ್ನೋ ಅಳತೆ) ಪಟ್ಟಿ ತೆಗೆಯಿರಿ.

ಟಾಸ್ಕ್‌ಬಾರ್ ಕಾಣೆಯಾಗಿರೋದು ಓವರ್‌ಸ್ಕ್ಯಾನ್. ಹಳೇ ಪಿಕ್ಚರ್ ಟ್ಯೂಬ್ ಕಾಲದಲ್ಲಿ ಚಿತ್ರದ ಅಂಚು ನೆಟ್ಟಗೆ ಬರುತ್ತಿರಲಿಲ್ಲ, ಅದು ಕಾಣದಿರಲಿ ಅಂತ ಚಿತ್ರವನ್ನು ಸ್ವಲ್ಪ ಹಿಗ್ಗಿಸಿ ಅಂಚನ್ನು ಚೌಕಟ್ಟಿನ ಹಿಂದೆ ತಳ್ಳುತ್ತಿದ್ದರು. ಟ್ಯೂಬ್ ಹೋಯಿತು, ಚಾಳಿ ಉಳಿಯಿತು. ಟಿವಿಯ ಪಿಕ್ಚರ್ ಮೆನುವಿನಲ್ಲಿ ಹುಡುಕಿ: ಎಲ್‌ಜಿಯಲ್ಲಿ ‘ಜಸ್ಟ್ ಸ್ಕ್ಯಾನ್’, ಸ್ಯಾಮ್‌ಸಂಗ್‌ನಲ್ಲಿ ‘ಫಿಟ್ ಟು ಸ್ಕ್ರೀನ್’, ಸೋನಿಯಲ್ಲಿ ‘ಫುಲ್ ಪಿಕ್ಸೆಲ್’. ಬೇರೆ ಟಿವಿಗಳಲ್ಲಿ ‘ಡಾಟ್ ಬೈ ಡಾಟ್’ ಅಂತಲೋ 1:1 ಅಂತಲೋ ಇರುತ್ತೆ.

ಕೊಪ್ಪದ_ಮಾಣಿ
ಮಾರಾಯ್ರೆ, ಇಷ್ಟೆಲ್ಲ ಯಾಕೆ? ಗ್ರಾಫಿಕ್ಸ್ ಸೆಟ್ಟಿಂಗ್ಸ್‌ನಲ್ಲಿ ಸ್ಕೇಲಿಂಗ್ ಸ್ಲೈಡರ್ ಇರ್ತದೆ, ಅದನ್ನು ಎಳೆದು ಚಿತ್ರ ಕುಗ್ಗಿಸಿದರೆ ಟಾಸ್ಕ್‌ಬಾರ್ ಒಳಗೆ ಬರ್ತದೆ. ನಾನು ಹಾಗೇ ಮಾಡಿಕೊಂಡಿರೋದು. ಫೋಟೋಗಾದರೆ ಲ್ಯಾಪ್‌ಟಾಪೂ ಬೇಡ, ಪೆನ್‌ಡ್ರೈವ್‌ಗೆ ಹಾಕಿ ಟಿವಿ ಹಿಂದೆ ಚುಚ್ಚಿ, ಮುಗೀತು.

ಬಿಎಂರೋಡ್_ರಿಪೇರಿ (ಹಾಸನ)
ಸ್ಲೈಡರ್ ಎಳೆದರೆ ಟಾಸ್ಕ್‌ಬಾರ್ ಬರುತ್ತೆ, ಚೂಪು ಹೋಗುತ್ತೆ. ಲ್ಯಾಪ್‌ಟಾಪ್ ಕುಗ್ಗಿಸಿ ಕಳಿಸುತ್ತೆ, ಟಿವಿ ಅದನ್ನೇ ಮತ್ತೆ ಹಿಗ್ಗಿಸುತ್ತೆ. ಎರಡು ಸಲ ಕಲಸಿದ ಮೇಲೆ ಒಂದು ಪಿಕ್ಸೆಲ್‌ಗೆ ಒಂದು ಪಿಕ್ಸೆಲ್ ಎಲ್ಲಿ ಕೂರುತ್ತೆ? ಟಿವಿ ಮೆನುವಿನಲ್ಲಿ ದಾರಿಯೇ ಇಲ್ಲದಿದ್ದರೆ ಮಾತ್ರ ಅದು.

ಬೇಲೂರು_ಕ್ಯಾಮೆರಾ
ಪೆನ್‌ಡ್ರೈವ್ ಮಾತಿಗೆ ನಾನು ಒಪ್ಪಲ್ಲ. ಎಷ್ಟೋ 4ಕೆ ಸ್ಮಾರ್ಟ್ ಟಿವಿಗಳು ವಿಡಿಯೋ ಮಾತ್ರ 4ಕೆಯಲ್ಲಿ ಓಡಿಸುತ್ತವೆ, ಮೆನು ಮತ್ತು ಫೋಟೋ ಆ್ಯಪ್ ಎಲ್ಲ 1080ರಲ್ಲೇ (1920×1080) ಬಿಡಿಸಿ ಹಿಗ್ಗಿಸಿ ತೋರಿಸುತ್ತವೆ. ನನ್ನ ಕ್ಯಾಮೆರಾದ ಒಂದು ಫೋಟೋ 6000×4000, ಅಂದರೆ 24 ಮೆಗಾಪಿಕ್ಸೆಲ್. 1080ರಲ್ಲಿ ಕಾಣೋದು ಬರೀ 2, 4ಕೆಯಲ್ಲಿ 8.3. ಚೆನ್ನಕೇಶವ ದೇವಸ್ಥಾನದ ಮದನಿಕೆಯರ ಆಭರಣದ ಕೆತ್ತನೆ ಎಂಥಾ ಸಣ್ಣದು ಅಂತ ನೋಡಿದವರಿಗೆ ಗೊತ್ತು. ಬಳಪದ ಕಲ್ಲಾದ್ದರಿಂದ ಶಿಲ್ಪಿಗಳಿಗೆ ಅಷ್ಟು ನಾಜೂಕು ಸಾಧ್ಯವಾಯಿತು, ಅದನ್ನು 2 ಮೆಗಾಪಿಕ್ಸೆಲ್‌ಗೆ ಇಳಿಸಿ ತೋರಿಸೋದಾ? ಹೊಯ್ಸಳ ದೇವಾಲಯಗಳು 2023ರಲ್ಲಿ ವಿಶ್ವ ಪರಂಪರೆ ಪಟ್ಟಿಗೆ ಸೇರಿದ ಮೇಲಂತೂ ಬರುವವರು ಗಮನ ಇಟ್ಟು ನೋಡ್ತಾರೆ. ಲ್ಯಾಪ್‌ಟಾಪ್‌ನಿಂದ ಪೂರ್ತಿ 4ಕೆ ಕಳಿಸಿ, ಅದೇ ಸರಿ.

ಕಡೂರು_ಗಣಿತ_ಟೀಚರ್
ಮಧ್ಯೆ ನನ್ನದೊಂದು ಪ್ರಶ್ನೆ. ನಮ್ಮ ಶಾಲೆಯ 32 ಇಂಚಿನ ಟಿವಿ ‘ಎಚ್‌ಡಿ ರೆಡಿ’. ಲ್ಯಾಪ್‌ಟಾಪ್‌ನಲ್ಲಿ 1920×1080 ಆರಿಸಿದ್ದೇನೆ, ಟಿವಿಯೂ ಮೂಲೆಯಲ್ಲಿ 1080ಪಿ ಅಂತಲೇ ತೋರಿಸುತ್ತೆ. ಆದರೂ ಮಕ್ಕಳಿಗೆ ಭಿನ್ನರಾಶಿಯ ಗೆರೆ ಸರಿಯಾಗಿ ಕಾಣಲ್ಲ. ಇದಕ್ಕೂ ಓವರ್‌ಸ್ಕ್ಯಾನ್ ಕಾರಣನಾ?

ಅರಸೀಕೆರೆ_ಪೆಂಗ್ವಿನ್
ಅಲ್ಲ ಮೇಡಂ. ಟಿವಿ ಸೇರಿಸಿದ ತಕ್ಷಣ ಅದು ತಾನೇ ಒಂದು ಪಟ್ಟಿ ಕಳಿಸುತ್ತೆ, ನಾನು ಇಂಥಿಂಥ ಅಳತೆ ತಗೊಳ್ತೀನಿ ಅಂತ. ಅದಕ್ಕೆ ಇಡಿಐಡಿ ಅಂತಾರೆ. ‘ತಗೊಳ್ತೀನಿ’ ಅಂದ ಮಾತ್ರಕ್ಕೆ ‘ತೋರಿಸ್ತೀನಿ’ ಅಂತ ಅಲ್ಲ. ಎಚ್‌ಡಿ ರೆಡಿ ಟಿವಿಯ ಗಾಜಿನ ಹಿಂದೆ ಇರೋದು ಸಾಮಾನ್ಯವಾಗಿ 1366×768 ಚುಕ್ಕಿ ಮಾತ್ರ. ನೀವು 20 ಲಕ್ಷ ಪಿಕ್ಸೆಲ್ ಕಳಿಸ್ತೀರಿ, ಅದು ಹತ್ತೂವರೆ ಲಕ್ಷಕ್ಕೆ ಇಳಿಸುತ್ತೆ. ಎರಡು ಪಾವು ಅಕ್ಕಿಯನ್ನು ಒಂದು ಪಾವಿಗೆ ತುರುಕಿದ ಹಾಗೆ. ಸಣ್ಣ ಗೆರೆಗಳೇ ಮೊದಲು ಹೋಗೋದು.

ಪಟ್ಟಿಯಲ್ಲಿ 1366×768 ಅಥವಾ 1360×768 ಇದೆಯಾ ನೋಡಿ. ವಿಂಡೋಸ್‌ನಲ್ಲಿ ಅಡ್ವಾನ್ಸ್‌ಡ್ ಡಿಸ್‌ಪ್ಲೇ ಒಳಗೆ ಅಡಾಪ್ಟರ್ ಪ್ರಾಪರ್ಟೀಸ್ ಒತ್ತಿ, ಅಲ್ಲಿ ‘ಲಿಸ್ಟ್ ಆಲ್ ಮೋಡ್ಸ್’ ಒತ್ತಿದರೆ ಬಚ್ಚಿಟ್ಟದ್ದೂ ಕಾಣುತ್ತೆ. ಲಿನಕ್ಸ್ ಆದರೆ ಟರ್ಮಿನಲ್‌ನಲ್ಲಿ ಎಕ್ಸ್‌ರಾಂಡರ್ (xrandr) ಅಂತ ಬರೆದರೆ ಸಾಕು, ಈಗ ಓಡುತ್ತಿರುವುದರ ಪಕ್ಕ ನಕ್ಷತ್ರ, ಟಿವಿ ಇಷ್ಟಪಡುವುದರ ಪಕ್ಕ ಪ್ಲಸ್ ಗುರುತು ಇರುತ್ತೆ. ಎಚ್‌ಡಿಎಂಐನಲ್ಲಿ ಸಿಗದಿದ್ದರೆ, ಟಿವಿಯಲ್ಲೂ ಲ್ಯಾಪ್‌ಟಾಪ್‌ನಲ್ಲೂ ಹಳೇ ನೀಲಿ ವಿಜಿಎ ಕಿಂಡಿ ಇದ್ದರೆ ಅದರಲ್ಲಿ ಪ್ರಯತ್ನಿಸಿ. ಎಷ್ಟೋ ಟಿವಿಗಳು ತಮ್ಮ ನಿಜವಾದ ಅಳತೆಯನ್ನು ಅಲ್ಲಿ ಮಾತ್ರ ಬಿಟ್ಟುಕೊಡುತ್ತವೆ. ಧ್ವನಿ ಮಾತ್ರ ವಿಜಿಎನಲ್ಲಿ ಹೋಗಲ್ಲ, ಬೇರೆ ವೈರ್ ಬೇಕು.

ತೋಟದಮನೆ_ಮೂಡಿಗೆರೆ
ಎಕ್ಸ್‌ಟೆಂಡ್ ಮಾಡಿದೆ, 3840×2160 ಬಂತು! ಓವರ್‌ಸ್ಕ್ಯಾನೂ ಹೋಯಿತು. ಫೋಟೋ ಸೂಪರ್. ಆದರೆ ಈಗ ಮೌಸ್ ಎಳೆದಾಡಿದ ಹಾಗೆ ಚಲಿಸುತ್ತೆ, ಮ್ಯಾಚ್ ಹಾಕಿದರೆ ಚೆಂಡು ಜಿಗಿಜಿಗಿದು ಹೋಗುತ್ತೆ.

ಬಿಎಂರೋಡ್_ರಿಪೇರಿ (ಹಾಸನ)
ಅಡ್ವಾನ್ಸ್‌ಡ್ ಡಿಸ್‌ಪ್ಲೇನಲ್ಲಿ ರಿಫ್ರೆಶ್ ರೇಟ್ (ಸೆಕೆಂಡಿಗೆ ಎಷ್ಟು ಸಲ ಚಿತ್ರ ಹೊಸದಾಗುತ್ತೆ ಅನ್ನೋದು, ಹರ್ಟ್ಜ್ ಲೆಕ್ಕದಲ್ಲಿ) ನೋಡಿ. 30 ಹರ್ಟ್ಜ್ ಇರುತ್ತೆ. ಹಳೇ ಲ್ಯಾಪ್‌ಟಾಪ್‌ನ ಕಿಂಡಿ ಎಚ್‌ಡಿಎಂಐ 1.4, ಅದು 2009ರದ್ದು. ಸೆಕೆಂಡಿಗೆ 10.2 ಗಿಗಾಬಿಟ್ ಅದರ ಮಿತಿ. ಅದರಲ್ಲಿ 4ಕೆ ಸೆಕೆಂಡಿಗೆ 30 ಸಲ ಮಾತ್ರ ಹೋಗೋಕೆ ಸಾಧ್ಯ. 60 ಸಲ ಬೇಕಾದರೆ 18 ಗಿಗಾಬಿಟ್‌ನ 2.0 ಬೇಕು, ಅದು ಬಂದಿದ್ದು 2013ರಲ್ಲಿ. ಇದಕ್ಕೆ ಯಾವ ಕೇಬಲ್ಲೂ ಮದ್ದಲ್ಲ, ತಡೆ ಇರೋದು ಲ್ಯಾಪ್‌ಟಾಪ್ ಒಳಗೆ.

ಮ್ಯಾಚ್‌ಗೆ 1920×1080ಕ್ಕೆ ಇಳಿಸಿ, 60 ಹರ್ಟ್ಜ್ ಇಡಿ. ಪಟ್ಟಿಯಲ್ಲಿ 50 ಇದ್ದರೆ ಅದನ್ನೂ ನೋಡಿ, ನಮ್ಮ ದೇಶದ ಟಿವಿ ಪ್ರಸಾರ 50ರ ಲೆಕ್ಕದ್ದು, ಓಟ ಇನ್ನೂ ನಯವಾಗುತ್ತೆ. ನನ್ನ ಕೇಳಿದರೆ ಯಾವಾಗಲೂ 1080ರಲ್ಲೇ ಬಿಡಿ. ಅತಿಥಿಗಳ ಕೈಗೆ ಕೊಡೋ ಯಂತ್ರ, ಪ್ರತಿ ಸಲ ಯಾರು ಬದಲಾಯಿಸ್ತಾರೆ?

ಬೇಲೂರು_ಕ್ಯಾಮೆರಾ
ಅಣ್ಣ, ದುಡ್ಡು ಕೊಟ್ಟು 4ಕೆ ಟಿವಿ ತಂದವರಿಗೆ ಕಾಲು ಭಾಗ ಪಿಕ್ಸೆಲ್ ಸಾಕು ಅಂತೀರಲ್ಲ. ಫೋಟೋ ಅಲ್ಲಾಡಲ್ಲ, ಅದಕ್ಕೆ 30 ಹರ್ಟ್ಜ್ ಆದರೇನು 60 ಆದರೇನು?

ಕಡೂರು_ಗಣಿತ_ಟೀಚರ್
ಲೆಕ್ಕ ಹಾಕಿಯೇ ಬಿಡೋಣ. 43 ಇಂಚಿನ ಟಿವಿಯ ಅಗಲ ಸುಮಾರು 95 ಸೆಂಟಿಮೀಟರ್. ಅದನ್ನು 1920ರಿಂದ ಭಾಗಿಸಿದರೆ ಒಂದು ಪಿಕ್ಸೆಲ್ ಅರ್ಧ ಮಿಲಿಮೀಟರ್. ಸಾಮಾನ್ಯ ಕಣ್ಣು ಬಿಡಿಸಿ ನೋಡಬಲ್ಲ ಕೋನ ಒಂದು ಡಿಗ್ರಿಯ 60ನೇ ಒಂದು ಭಾಗ. ಅರ್ಧ ಮಿಲಿಮೀಟರ್ ಆ ಕೋನಕ್ಕೆ ಬರೋದು ಸುಮಾರು 1.7 ಮೀಟರ್ ದೂರದಲ್ಲಿ, ಅಂದರೆ 5.5 ಅಡಿ. ಅದಕ್ಕಿಂತ ಹಿಂದೆ ಕೂತವರಿಗೆ 1080ಕ್ಕೂ 4ಕೆಗೂ ವ್ಯತ್ಯಾಸ ಕಾಣೋದು ಕಷ್ಟ. ನಿಮ್ಮ ಹಾಲ್‌ನಲ್ಲಿ ಸೋಫಾ ಎಷ್ಟು ದೂರ ಇದೆ ಸರ್?

ತೋಟದಮನೆ_ಮೂಡಿಗೆರೆ
ಹತ್ತು ಅಡಿ ಇರಬಹುದು ಮೇಡಂ.

ಬಿಎಂರೋಡ್_ರಿಪೇರಿ (ಹಾಸನ)
ನೋಡಿದ್ರಾ, ಟೀಚರ್ ನನ್ನ ಪಕ್ಷ.

ಬೇಲೂರು_ಕ್ಯಾಮೆರಾ
ಸೋಫಾದಲ್ಲಿ ಕೂತವರ ಲೆಕ್ಕ ಸರಿ. ಆದರೆ ದರ್ಪಣ ಸುಂದರಿಯ ಫೋಟೋ ಹಾಕಿ ನೋಡಿ, ಜನ ಕೂತಿರಲ್ಲ. ಎದ್ದು ಬಂದು ಮೂರು ಅಡಿಯಲ್ಲಿ ನಿಂತು ಬೆರಳು ಮಾಡಿ ತೋರಿಸ್ತಾರೆ. ಆ ದೂರದಲ್ಲಿ 1080ರ ಚುಕ್ಕಿ ಎದ್ದು ಕಾಣುತ್ತೆ.

ಕಡೂರು_ಗಣಿತ_ಟೀಚರ್
ಹಾಗೆ ನೋಡುವವರಿಗೆ ನಿಮ್ಮ ಮಾತೇ ಸರಿ. 4ಕೆಯ ಚುಕ್ಕಿ ಕಾಲು ಮಿಲಿಮೀಟರ್, ಮೂರು ಅಡಿಯಲ್ಲಿ ಅದು ಕಣ್ಣಿನ ಮಿತಿಯಲ್ಲೇ ಇರುತ್ತೆ. ನಾನು ಯಾರ ಪಕ್ಷವೂ ಅಲ್ಲ.

ಅರಸೀಕೆರೆ_ಪೆಂಗ್ವಿನ್
4ಕೆಯಲ್ಲಿ ಇಟ್ಟರೆ ಅಕ್ಷರ ಇರುವೆ ಗಾತ್ರ ಆಗುತ್ತೆ. ಆಗ ರೆಸಲ್ಯೂಷನ್ ಇಳಿಸಬೇಡಿ, ಅದರ ಮೇಲಿರುವ ‘ಸ್ಕೇಲ್’ ಅನ್ನು 300 ಪರ್ಸೆಂಟ್‌ಗೆ ಏರಿಸಿ. ಅಕ್ಷರ ದೊಡ್ಡದಾಗುತ್ತೆ, ಫೋಟೋದ ಚೂಪು ಹಾಗೇ ಇರುತ್ತೆ. ತುಂಬಾ ಜನ ಈ ಎರಡನ್ನೂ ಒಂದೇ ಅಂದುಕೊಳ್ತಾರೆ.

ಇನ್ನೊಂದು. ಕೆಂಪು ಅಕ್ಷರ ನೀಲಿ ಹಿನ್ನೆಲೆಯಲ್ಲಿ ಹಾಕಿ ನೋಡಿ, ಅಂಚು ಕದಡಿದ್ದರೆ ಟಿವಿ ಬಣ್ಣದ ಮಾಹಿತಿಯನ್ನು ಉಳಿತಾಯ ಮಾಡ್ತಿದೆ ಅಂತ ಅರ್ಥ. ಆ ಎಚ್‌ಡಿಎಂಐ ಇನ್‌ಪುಟ್‌ನ ಹೆಸರನ್ನೋ ಐಕಾನನ್ನೋ ‘ಪಿಸಿ’ ಅಂತ ಬದಲಾಯಿಸಿದರೆ ಹಲವು ಟಿವಿಗಳಲ್ಲಿ ಸರಿಹೋಗುತ್ತೆ. ಶಾರ್ಪ್‌ನೆಸ್ ಜಾಸ್ತಿ ಇಡಬೇಡಿ. ಅದು ನಿಜವಾದ ಚೂಪಲ್ಲ, ಅಂಚಿಗೆ ಬಿಳಿ ಗೆರೆ ಎಳೆಯೋದು ಅಷ್ಟೇ.

ಕೊಪ್ಪದ_ಮಾಣಿ
ವೈರೇ ಇಲ್ಲದೆ ಹಾಕಬಹುದಲ್ವಾ? ವಿಂಡೋಸ್ ಕೀ ಜೊತೆ ಕೆ ಒತ್ತಿದರೆ ಟಿವಿ ಹುಡುಕ್ತದೆ. ಇಂಟರ್ನೆಟ್ ಕೂಡ ಬೇಡ, ನೇರ ವೈಫೈ.

ಬಿಎಂರೋಡ್_ರಿಪೇರಿ (ಹಾಸನ)
ಸ್ಲೈಡ್ ತೋರಿಸೋಕೆ ಆಗುತ್ತೆ. ಆದರೆ ಅದು ಚಿತ್ರವನ್ನು ಹಿಂಡಿ ಕಳಿಸುತ್ತೆ, ಸ್ವಲ್ಪ ತಡವೂ ಆಗುತ್ತೆ. ಈ ಚರ್ಚೆ ಶುರುವಾಗಿದ್ದೇ ಚಿತ್ರ ಮಂಕು ಅಂತ, ಮತ್ತೆ ಅಲ್ಲಿಗೇ ಹೋಗ್ತೀರಾ?

ಕೊಪ್ಪದ_ಮಾಣಿ
ಆಯ್ತು ಮಾರಾಯ್ರೆ, ವೈರೇ ಇರಲಿ. ಹಾಗಾದರೆ ಒಂದು ಮಾತು ಕೇಳಿ. ಏಪ್ರಿಲ್, ಮೇ ಗುಡುಗು ಮಳೆಯಲ್ಲಿ ಆ ಕೇಬಲ್ ಚುಚ್ಚಿಕೊಂಡೇ ಬಿಡಬೇಡಿ. ಸಿಡಿಲು ಹತ್ತಿರ ಬಿದ್ದರೆ ಮಾಡಿನ ಮೇಲಿನ ಡಿಶ್ ವೈರಲ್ಲಿ ಇಳಿದು ಸೆಟ್‌ಟಾಪ್ ಬಾಕ್ಸ್‌ಗೆ, ಅಲ್ಲಿಂದ ಎಚ್‌ಡಿಎಂಐನಲ್ಲಿ ಟಿವಿಗೆ, ಟಿವಿಯಿಂದ ಲ್ಯಾಪ್‌ಟಾಪ್‌ಗೆ. ಸ್ವಿಚ್ ಆರಿಸಿದರೆ ಸಾಲದು, ಪ್ಲಗ್ ಕೀಳಬೇಕು, ಡಿಶ್ ವೈರೂ ಬಿಚ್ಚಬೇಕು. ನಮ್ಮ ಮನೆಯಲ್ಲಿ ಒಂದು ಟಿವಿಯ ಎರಡೂ ಕಿಂಡಿ ಹೋಗಿವೆ, ಚಿತ್ರ ಮಾತ್ರ ಈಗಲೂ ಪೆನ್‌ಡ್ರೈವ್‌ನಲ್ಲಿ ಬರ್ತದೆ.

ಬಿಎಂರೋಡ್_ರಿಪೇರಿ (ಹಾಸನ)
ಇದು ನೂರಕ್ಕೆ ನೂರು ಸರಿ. ಈಗ ಗೊತ್ತಾಯಿತು ನೀವು ಪೆನ್‌ಡ್ರೈವ್ ಪಕ್ಷ ಯಾಕೆ ಅಂತ. ಜೊತೆಗೆ ಇದೂ ಇರಲಿ: ಕೇಬಲ್ ಹಾಕುವಾಗ ಕೈಗೆ ಜುಮ್ ಅಂದರೆ ಅರ್ಥಿಂಗ್ ನೋಡಿಸಿ, ಚಾರ್ಜರ್‌ನ ಮೂರನೇ ಪಿನ್ ಮುರಿದು ಎರಡು ಪಿನ್‌ನ ಸಾಕೆಟ್‌ಗೆ ಹಾಕೋ ಅಭ್ಯಾಸ ಬಿಡಿ.

ತೋಟದಮನೆ_ಮೂಡಿಗೆರೆ
ಫೋಟೋ ತೋರಿಸುವಾಗ 4ಕೆ, ಮ್ಯಾಚ್‌ಗೆ 1080 ಮತ್ತು 50 ಹರ್ಟ್ಜ್. ಹಾಗೇ ಮಾಡ್ತೀನಿ, ಬದಲಾಯಿಸೋ ಕೆಲಸ ಮಗಳಿಗೆ ವಹಿಸಿದ್ದೇನೆ. ಆದರೆ ಧ್ವನಿ ಇನ್ನೂ ಲ್ಯಾಪ್‌ಟಾಪ್‌ನಿಂದಲೇ ಬರ್ತಿದೆ, ಮುಚ್ಚಳ ಮುಚ್ಚಿದರೆ ಎಲ್ಲಾ ಆಫ್ ಆಗುತ್ತೆ.

ಅರಸೀಕೆರೆ_ಪೆಂಗ್ವಿನ್
ಕೆಳಗೆ ಬಲಗಡೆ ಸ್ಪೀಕರ್ ಗುರುತು ಒತ್ತಿ, ಔಟ್‌ಪುಟ್‌ನಲ್ಲಿ ಟಿವಿಯ ಹೆಸರು ಆರಿಸಿ. ಮುಚ್ಚಳಕ್ಕೆ ಕಂಟ್ರೋಲ್ ಪ್ಯಾನೆಲ್‌ನ ಪವರ್ ಆಪ್ಷನ್ಸ್‌ನಲ್ಲಿ ‘ಲಿಡ್ ಮುಚ್ಚಿದಾಗ’ ಅನ್ನೋ ಕಡೆ ‘ಡೂ ನಥಿಂಗ್’ ಇಡಿ. ಚಾರ್ಜರ್ ಹಾಕಿದಾಗಿನ ಕಾಲಂಗೆ ಮಾತ್ರ ಇಟ್ಟರೆ ಸಾಕು, ಇಲ್ಲದಿದ್ದರೆ ಬ್ಯಾಗಿನೊಳಗೆ ಓಡುತ್ತಾ ಬಿಸಿಯಾಗುತ್ತೆ.